ಗುಜರಾತಿಯಲ್ಲಿ ಹೇಳದ ಒಂದು ವಾಕ್ಯ

"ಅವರು ನಾಲ್ಕು ನಿಮಿಷ ಮಾತಾಡಿದರು. ನೀವು ಒಂದೂವರೆ ನಿಮಿಷ. ಉಳಿದ ಎರಡೂವರೆ ನಿಮಿಷ ಎಲ್ಲಿ ಹೋಯಿತು, ವತ್ಸಲಾಬೆನ್?"

ದುಭಾಷಿಯಾಗಿ ನಾನು ದುಡಿದ ಮೊದಲ ದಿನ ನನಗೆ ಸಿಕ್ಕ ಮೆಚ್ಚುಗೆ ಇದು. ಹೇಳಿದವರು ಜಯಂತಿಭಾಯಿ, ಅಹಮದಾಬಾದಿನ ಗೆಳೆತನ ಸಮಿತಿಯ ಕಾರ್ಯದರ್ಶಿ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಅತಿಥಿಯ ಭಾಷಣವನ್ನೂ ನನ್ನ ಅನುವಾದವನ್ನೂ ಅಳೆದಿದ್ದರು. "ಅವರು ಒಂದೇ ಮಾತನ್ನು ಮೂರು ಸಲ ಹೇಳಿದರು, ನಾನು ಒಂದು ಸಲ ಹೇಳಿದೆ" ಎಂದೆ. ಜಯಂತಿಭಾಯಿ ನಂಬಲಿಲ್ಲ. "ಮುಂದಿನ ಸಲ ನೀವೂ ಮೂರು ಸಲ ಹೇಳಿ" ಎಂದರು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ವ್ಯಾಕರಣ ಕೇಳುತ್ತಾರೆ, ಪದಕೋಶ ಯಾವುದು ಒಳ್ಳೆಯದೆಂದು ಕೇಳುತ್ತಾರೆ. ಅವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಸಿಗದೆ ಇರುವುದು ಒಂದು. ಇಬ್ಬರ ನಡುವೆ ಕೂತವಳನ್ನು ಇಬ್ಬರೂ ಅನುಮಾನಿಸುತ್ತಾರೆ, ಮತ್ತು ಕೆಲವು ದಿನಗಳಾದ ಮೇಲೆ ಅವಳಿಗೂ ಎಲ್ಲರ ಮೇಲೆ ಅನುಮಾನ ಶುರುವಾಗುತ್ತದೆ. ನಾನು ಬರೆಯಬೇಕೆಂದಿರುವುದು ಇದನ್ನೇ. ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಧಾರವಾಡದವಳು. ಪುಣೆಯ ಕಾಲೇಜಿನಲ್ಲಿ ಜರ್ಮನ್ ಕಲಿತೆ. ಕಾರಣ ದೊಡ್ಡದೇನಲ್ಲ. ಸಂಸ್ಕೃತದ ತರಗತಿ ಮುಂಜಾನೆ ಏಳಕ್ಕಿತ್ತು, ಜರ್ಮನ್ ಹನ್ನೊಂದಕ್ಕಿತ್ತು. ಮದುವೆಯಾಗಿ ಅಹಮದಾಬಾದಿಗೆ ಬಂದೆ. ನನ್ನ ಯಜಮಾನರು ಶ್ರೀಪಾದರಾವ್, ಕೇಂದ್ರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪಕರಣಗಳ ವಿಭಾಗದಲ್ಲಿದ್ದರು. ಮಾತು ಕಡಿಮೆ. ನವರಂಗಪುರಾದಲ್ಲಿ ಒಂದು ಮನೆಯ ಮಹಡಿ ನಮ್ಮದು. ಗುಜರಾತಿಯನ್ನು ತರಕಾರಿಯವಳಿಂದಲೂ ಮನೆಯೊಡತಿಯಿಂದಲೂ ಕಲಿತೆ.

ಅರವತ್ತರ ದಶಕದಲ್ಲಿ ಅಹಮದಾಬಾದಿನ ಕೆಲವು ಗಿರಣಿ ಮಾಲೀಕರು, ಪ್ರಾಧ್ಯಾಪಕರು, ಹಾಡುಗಾರರು ಸೇರಿ ಜರ್ಮನಿಯ ಒಂದು ಗಿರಣಿ ನಗರದ ಜೊತೆ ಸ್ನೇಹ ಬೆಳೆಸಿದ್ದರು. ಅಲ್ಲಿಂದ ಹಾಡುವ ತಂಡ ಬರುವುದು, ಇಲ್ಲಿಂದ ಗರಬಾ ತಂಡ ಹೋಗುವುದು, ಬಟ್ಟೆಗಳ ಪ್ರದರ್ಶನ, ಹೀಗೆ. ಆ ಸ್ನೇಹ ಬಹಳ ವರ್ಷ ನಡೆಯಿತು. ಆ ನಗರದ ಹೆಸರು ಇಲ್ಲಿ ಬೇಡ. ಆಗ ಜರ್ಮನಿ ಎರಡಾಗಿತ್ತು, ಬರ್ಲಿನ್ನಿನ ನಡುವೆ ಗೋಡೆ ಎದ್ದಿತ್ತು. ಅತಿಥಿಗಳು ಬರುತ್ತಾರೆಂದರೆ ಪ್ರತಿ ಕಚೇರಿಯಲ್ಲೂ ಮೊದಲ ಪ್ರಶ್ನೆ, "ಗೋಡೆಯ ಈ ಕಡೆಯವರೋ, ಆ ಕಡೆಯವರೋ?" ನಮ್ಮವರು ಪಶ್ಚಿಮದವರು. ಹಾಗೆಂದ ಮೇಲೂ ಕೇಳಿದವರ ಮುಖ ಸಡಿಲವಾಗುತ್ತಿರಲಿಲ್ಲ.

ನನ್ನ ಮೊದಲ ತಪ್ಪು ಸ್ವಾಗತ ಸಭೆಯಲ್ಲೇ ಆಯಿತು. ಜರ್ಮನರು ಇಂಥ ಊರನ್ನು ಜೊತೆಗಾರ ನಗರ ಎನ್ನುತ್ತಾರೆ. ನಾನು ಅವಸರದಲ್ಲಿ ಗುಜರಾತಿಯಲ್ಲಿ 'ಭಾಗೀದಾರ್' ಎಂದೆ, ಅಂದರೆ ಪಾಲುದಾರ. ಸಭೆಯಲ್ಲಿ ಅರ್ಧಕ್ಕರ್ಧ ವ್ಯಾಪಾರಿಗಳು. ಒಬ್ಬ ಶೇಠರು ಎದ್ದು ನಿಂತು, "ಪಾಲುದಾರಿಕೆ ಎಂದರೆ ಕರಾರು ಪತ್ರ ಎಲ್ಲಿ? ನಮಗೆ ತೋರಿಸಲಿಲ್ಲವಲ್ಲ" ಎಂದರು. ಹತ್ತು ನಿಮಿಷ ಗದ್ದಲ. ಸೋದರಿ ನಗರ ಎಂದು ತಿದ್ದಿದ ಮೇಲೆ ಇನ್ನೊಬ್ಬರು, "ಅಕ್ಕ ಯಾರು, ತಂಗಿ ಯಾರು?" ಎಂದು ಕೇಳಿದರು. ಅದನ್ನು ನಾನು ಜರ್ಮನ್‌ಗೆ ಅನುವಾದಿಸಿದೆ. ಅತಿಥಿಗಳು ನಕ್ಕರು. ನಕ್ಕಿದ್ದು ಯಾಕೆಂದು ಜಯಂತಿಭಾಯಿ ಸಂಜೆಯವರೆಗೂ ನನ್ನನ್ನು ಕೇಳುತ್ತಲೇ ಇದ್ದರು.

ಎರಡನೆಯ ತಪ್ಪು ಬಿಯರಿನದು. ಗುಜರಾತಿನಲ್ಲಿ ಪಾನನಿರೋಧ. ಹೊರಗಿನವರಿಗೆ ಪರವಾನಗಿ ಚೀಟಿ ಬೇಕು. ಅದನ್ನು ಕೊಡುವ ಕಚೇರಿಗೆ ತಂಡದ ಹಾಡುಗಾರರ ಮುಖಂಡನನ್ನು ಕರೆದುಕೊಂಡು ಹೋದೆ. ಗುಮಾಸ್ತ, "ಇವರಿಗೆ ಆರೋಗ್ಯ ಸರಿ ಇದೆಯೇ?" ಎಂದು ಕೇಳಿದ. ನಾನು ಹಾಗೆಯೇ ಕೇಳಿದೆ. ಆ ಮನುಷ್ಯ ಎದೆ ಉಬ್ಬಿಸಿ, ಜೀವನದಲ್ಲಿ ಒಂದು ದಿನವೂ ಹಾಸಿಗೆ ಹಿಡಿದಿಲ್ಲ ಎಂದ. ಅದನ್ನೂ ಹಾಗೆಯೇ ಹೇಳಿದೆ. "ಹಾಗಿದ್ದರೆ ಬಿಯರ್ ಯಾಕೆ?" ಎಂದು ಗುಮಾಸ್ತ ಕಾಗದ ಮಡಿಸಿಟ್ಟ. ಮೂರು ದಿನ ಇಡೀ ತಂಡ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಮಾತನ್ನು ದಾಟಿಸಿದರಷ್ಟೇ ಸಾಲದು, ಕೇಳುವವನಿಗೆ ಏನು ಬೇಕೆಂಬುದನ್ನೂ ಹೇಳುವವನಿಗೆ ತಿಳಿಸಬೇಕು ಎಂದು ಆಗ ಕಲಿತೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದ ಮರುವರ್ಷದ ಚಳಿಗಾಲ. ಬಂದ ತಂಡದಲ್ಲಿ ಕ್ರೂಗರ್ ಎಂಬುವರಿದ್ದರು. ಐವತ್ತರ ಆಸುಪಾಸು, ಆ ನಗರದ ಬಟ್ಟೆ ಸಂಗ್ರಹಾಲಯದಲ್ಲಿ ಕೆಲಸ. ಹಳೆಯ ನೇಯ್ಗೆ ಕಂಡರೆ ಮಂಡಿಯೂರಿ ನೋಡುತ್ತಿದ್ದರು. ಕೊರಳಲ್ಲಿ ಸದಾ ಕ್ಯಾಮೆರಾ. ಒಂದು ಮಧ್ಯಾಹ್ನ ಅವರು ನಮ್ಮ ಮನೆಯ ಊಟ ಹೇಗಿರುತ್ತದೆ ಎಂದು ಕೇಳಿದ್ದರಿಂದ ಕರೆದೆ. ಹೋಳಿಗೆ ಮಾಡಲು ನೆರವಿಗೆ ಪಕ್ಕದ ಮನೆಯ ನಾಗರತ್ನ ಬಂದರು.

ನಾಗರತ್ನ ತುಮಕೂರಿನ ಕಡೆಯವರು, ಗಂಡ ಬ್ಯಾಂಕಿನಲ್ಲಿ. ಆ ಬೀದಿಯಲ್ಲಿ ಕನ್ನಡ ಮಾತಾಡಲು ನನಗಿದ್ದ ಒಂದೇ ಜೀವ. ಮೊದಲ ದಿನ ನಾನು ನಮ್ಮ ಕಡೆಯ ರೂಢಿಯಂತೆ "ನಾಗರತ್ನಾಬಾಯಿ" ಎಂದಾಗ, "ಬಾಯಿ ಗೀಯಿ ಅನ್ಬೇಡ್ರೀ, ನಮ್ಮ ಕಡೆ ಬಾಯಿ ಅಂದ್ರೆ ತಿನ್ನೋ ಬಾಯೇ" ಎಂದು ನಗಿಸಿದ್ದರು. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದವರೂ ಅವರೇ.

ಊಟಕ್ಕೆ ಕೂತವರು ಕ್ರೂಗರ್, ನಾನು, ಯಜಮಾನರು. ಬಡಿಸಿದವರು ನಾಗರತ್ನ. ಕ್ರೂಗರ್ ಜರ್ಮನ್‌ನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಮಾತಿನ ನಡುವೆ ಅವರು, ತನಗೊಬ್ಬ ತಮ್ಮನಿದ್ದಾನೆ, ಗೋಡೆಯ ಆ ಕಡೆ ಮಸೂರ ತಯಾರಿಸುವ ಕಾರ್ಖಾನೆಯಲ್ಲಿದ್ದಾನೆ, ಐದು ವರ್ಷದಿಂದ ನೋಡಿಲ್ಲ ಎಂದರು. ನಾಗರತ್ನ, "ಅಯ್ಯೋ ಪಾಪ, ಇನ್ನೊಂದ್ ಹೋಳ್ಗೆ ಹಾಕ್ಲಾ ಕೇಳಿ" ಎಂದರು.

ನಾಲ್ಕು ದಿನ ಬಿಟ್ಟು ಬೆಳಗ್ಗೆ ಹತ್ತಕ್ಕೆ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿ, ಚಳಿಗಾಲದಲ್ಲೂ ಕೈಯಲ್ಲಿ ಛತ್ರಿ. ಹೆಸರು ವ್ಯಾಸ್ ಎಂದರು. ಯಾವ ಇಲಾಖೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಚಹಾ ಕುಡಿದರು. ಮಗಳ ಹೆಸರು ಕೇಳಿದರು. ಆಮೇಲೆ ಚಹಾದ ಬಸಿಯನ್ನು ಮೇಜಿನ ಮೇಲಿಡುತ್ತ, "ಸಂಗ್ರಹಾಲಯದ ಸಾಹೇಬರ ತಮ್ಮ ಮಸೂರದ ಕಾರ್ಖಾನೆಯಲ್ಲಿದ್ದಾರಂತೆ. ದುರ್ಬೀನಿಗೆ ಹಾಕುವ ಮಸೂರವೋ, ಕನ್ನಡಕಕ್ಕೆ ಹಾಕುವುದೋ?" ಎಂದರು.

"ನನಗೆ ಗೊತ್ತಿಲ್ಲ" ಎಂದೆ.

"ಪರವಾಗಿಲ್ಲ, ಬೆನ್. ಮುಂದೆ ಅವರೇನಾದರೂ ಹೇಳಿದರೆ ನೆನಪಿಟ್ಟುಕೊಳ್ಳಿ. ನಿಮ್ಮ ಯಜಮಾನರ ಕೆಲಸ ದೊಡ್ಡದು. ಅದಕ್ಕೆ ತೊಂದರೆ ಆಗಬಾರದಲ್ಲವೇ?"

"ಸಭೆಯಲ್ಲಿ ಆಡಿದ ಮಾತನ್ನು ಸಭೆಯಲ್ಲೇ ಎಲ್ಲರಿಗೂ ಹೇಳುತ್ತೇನೆ. ಬೇರೆ ಹೇಳುವುದು ನನ್ನ ಕೆಲಸವಲ್ಲ" ಎಂದೆ. ಧೈರ್ಯದಿಂದ ಹೇಳಿದೆನೆಂದು ತಿಳಿಯಬೇಡಿ. ವ್ಯಾಸ್ ನಕ್ಕು ಹೊರಟರು.

ಅವರು ಮೆಟ್ಟಿಲು ಇಳಿಯುವುದರೊಳಗೆ ನಾನು ಲೆಕ್ಕ ಹಾಕಿ ಮುಗಿಸಿದ್ದೆ. ಆ ಮಾತು ಕೇಳಿದವರು ಮೂವರು. ನಾನು ಹೇಳಿಲ್ಲ. ಯಜಮಾನರು ಸಂಸ್ಥೆಯ ಮಾತು ಮನೆಗೆ ತರದವರು, ಮನೆಯ ಮಾತು ಹೊರಗೆ ಒಯ್ಯದವರು. ಉಳಿದವರು ನಾಗರತ್ನ. ಹಿಂದಿನ ವಾರ ಅವರ ಗಂಡನಿಗೆ ಕೇಳಿದ ಶಾಖೆಗೇ ಬದಲಿ ಸಿಕ್ಕಿತ್ತು. ಅದು ಹೇಗೆ ಸಿಕ್ಕಿತು? ಮಧ್ಯಾಹ್ನ ಅವರು ನಮ್ಮ ಬಾಲ್ಕನಿಯತ್ತ ನೋಡುತ್ತ ಬಟ್ಟೆ ಒಣಗಿಸುವುದು ಯಾಕೆ? ಒಂದು ಸಲ ಹೀಗೆ ನೋಡಲು ಶುರುಮಾಡಿದರೆ ಎಲ್ಲವೂ ಹೊಂದಿಕೊಂಡು ಬರುತ್ತದೆ. ಸಂಜೆ ಅವರು ಒಗ್ಗರಣೆಗೆ ಕರಿಬೇವು ಕೇಳಿಕೊಂಡು ಬಂದಾಗ ಬಾಗಿಲನ್ನು ಅರ್ಧ ತೆರೆದು, "ಇಲ್ಲ" ಎಂದೆ. ಗಿಡ ಅವರ ಕಣ್ಣೆದುರೇ ಇತ್ತು. ಅವರು ಗಿಡವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೋದರು. ಆಮೇಲೆ ಬರಲಿಲ್ಲ. ಬರದಿದ್ದದ್ದನ್ನೂ ನಾನು ಸಾಕ್ಷಿಯೆಂದೇ ತಿಳಿದೆ.

ಮರುದಿನ ತಂಡದ ಜೊತೆ ವಡೋದರಾಕ್ಕೆ ಹೊರಟೆ. ಜಯಂತಿಭಾಯಿಯೂ ಇದ್ದರು. ಫತೇಗಂಜಿನ ಒಂದು ಅತಿಥಿಗೃಹದಲ್ಲಿ ಇಳಿದೆವು. ಕಾಲೇಜಿನಲ್ಲಿ ನಡೆದ ಸಭೆಯಲ್ಲಿ ಒಬ್ಬ ವಿದ್ಯಾರ್ಥಿ, "ಗೋಡೆ ಕಟ್ಟಿದವರು ಯಾರು, ನೀವೋ ಅವರೋ?" ಎಂದು ನೇರವಾಗಿ ಕೇಳಿದ. ಕ್ರೂಗರ್, "ಗಾರೆ ಕಲಸಿದವರು ಅವರು" ಎಂದರು. ಹಿಂದಿನ ಸಾಲಿನಲ್ಲಿ ಇಬ್ಬರು ಬರೆದುಕೊಳ್ಳುತ್ತಿದ್ದರು. ಪತ್ರಕರ್ತರಿರಬಹುದು. ನನಗೆ ಹಾಗನಿಸಲಿಲ್ಲ. ಸಭೆ ಮುಗಿದ ಮೇಲೆ ವಿದ್ಯಾರ್ಥಿಗಳು ಸೇರುವ ಹೋಟೆಲೊಂದರಲ್ಲಿ ತಿಂಡಿ ತಿನ್ನುವಾಗ ಪಕ್ಕದ ಮೇಜಿನವನ ಕೈಯಲ್ಲಿ ಛತ್ರಿ ಕಂಡು ನಾನು ತಟ್ಟೆ ಬಿಟ್ಟು ಎದ್ದೆ. ಅವನು ಛತ್ರಿ ರಿಪೇರಿಯವನು.

ವಡೋದರಾದಿಂದ ಸೂರತ್‌ಗೆ ರೈಲು. ಭರೂಚ್ ಬಿಟ್ಟ ಮೇಲೆ ನರ್ಮದೆಯ ಸೇತುವೆ ಬಂತು. ಕ್ರೂಗರ್ ಕಿಟಕಿಯಿಂದ ಕ್ಯಾಮೆರಾ ಎತ್ತಿದರು. ನಾನು ಬೇಡವೆಂದು ಹೇಳುವಷ್ಟರಲ್ಲಿ ಎರಡು ಸಲ ಕ್ಲಿಕ್ ಆಗಿತ್ತು. ಸೇತುವೆಗಳ ಚಿತ್ರ ತೆಗೆಯಬಾರದೆಂಬ ಫಲಕ ಎಲ್ಲ ಕಡೆ ಇತ್ತು, ಗುಜರಾತಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳುವುದು ನನ್ನ ಕೆಲಸವಾಗಿತ್ತು, ನಾನು ಮರೆತಿದ್ದೆ. ಎದುರಿಗೆ ಕೂತಿದ್ದ ಪ್ರಯಾಣಿಕರೊಬ್ಬರು ಪೇಪರು ಮಡಚಿ ಎದ್ದು ಹೋದರು. ಸೂರತ್ ಪ್ಲಾಟ್‌ಫಾರ್ಮಿನಲ್ಲಿ ಮೂವರು ಪೊಲೀಸರು ಕಾಯುತ್ತಿದ್ದರು.

ಸ್ಟೇಷನ್ನಿನ ಸಣ್ಣ ಕೋಣೆ. ಒಬ್ಬ ಸಬ್ ಇನ್ಸ್‌ಪೆಕ್ಟರ್, ಹೇಳಿಕೆ ಬರೆದುಕೊಳ್ಳುವ ಒಬ್ಬ ಬರಹಗಾರ. ಜಯಂತಿಭಾಯಿಯನ್ನು ಹೊರಗೆ ನಿಲ್ಲಿಸಿದರು. ಕ್ರೂಗರ್ ಹೇಳಿದರು: ನಾನು ಸೇತುವೆ ತೆಗೆಯಲಿಲ್ಲ, ನದಿಯ ಮರಳಿನ ಮೇಲೆ ಒಣಹಾಕಿದ್ದ ಬಣ್ಣದ ಬಟ್ಟೆಗಳನ್ನು ತೆಗೆದೆ. ನಾನು ಹಾಗೆಯೇ ಹೇಳಿದೆ. ಇನ್ಸ್‌ಪೆಕ್ಟರ್ ಅದೇ ಪ್ರಶ್ನೆಯನ್ನು ಐದು ಬಗೆಯಲ್ಲಿ ಕೇಳಿದರು. ಕ್ರೂಗರ್ ಐದು ಸಲವೂ ಅದೇ ಉತ್ತರ ಕೊಟ್ಟರು. ಎರಡು ಗಂಟೆಯಾಯಿತು. ಕೊನೆಗೆ ಕ್ರೂಗರ್ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ ಜರ್ಮನ್‌ನಲ್ಲಿ ಹೇಳಿದರು: "ಅಲ್ಲಿಯೂ ಹೀಗೆಯೇ ಕೂರಿಸಿದ್ದರು. ನನ್ನ ತಮ್ಮ ಒಂದು ರೈಲಿನ ಚಿತ್ರ ತೆಗೆದ. ಆರು ತಿಂಗಳು ಅವನು ಮನೆಗೆ ಬರಲಿಲ್ಲ."

ಇನ್ಸ್‌ಪೆಕ್ಟರ್ ನನ್ನತ್ತ ತಿರುಗಿದರು. "ಏನಂದರು?"

ದುಭಾಷಿ ಎಲ್ಲವನ್ನೂ ಹೇಳಬೇಕು. ಇದು ನಿಯಮ, ನಾನೇ ನಿಮಗೆ ಕಲಿಸುವ ನಿಯಮ. ಆದರೆ ಅಣ್ಣನ ಕ್ಯಾಮೆರಾ ಮೇಜಿನ ಮೇಲಿರುವಾಗ ತಮ್ಮನೂ ಇಂಥದೇ ಕಾರಣಕ್ಕೆ ಜೈಲು ಕಂಡವನೆಂದು ಹೇಳಿದರೆ ಬರಹಗಾರ ಅದನ್ನು ಹೇಗೆ ಬರೆದುಕೊಳ್ಳುತ್ತಿದ್ದ?

"ದಣಿವಾಗಿದೆ, ನೀರು ಬೇಕು ಅಂದರು" ಎಂದೆ.

ನೀರು ತಂದರು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಯಾರದೋ ಫೋನು ಬಂದು ವಿಷಯ ಮುಗಿಯಿತು. ಇನ್ಸ್‌ಪೆಕ್ಟರ್ ಕ್ಯಾಮೆರಾ ಬಿಚ್ಚಿಸಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಪೂರ್ತಿ ಎಳೆದುಹಾಕಿದರು. ಅಹಮದಾಬಾದಿನ, ವಡೋದರಾದ ಚಿತ್ರಗಳೆಲ್ಲ ಅದರಲ್ಲೇ ಇದ್ದವು.

ಹೊರಗೆ ಬಂದ ಮೇಲೆ ಕ್ರೂಗರ್ ಕೇಳಿದರು, "ನನ್ನ ಕೊನೆಯ ಮಾತನ್ನು ನೀವು ಹೇಳಲಿಲ್ಲ, ಅಲ್ಲವೇ?"

"ಇಲ್ಲ. ನಿಮ್ಮ ಒಳ್ಳೆಯದಕ್ಕೇ."

ಕೃತಜ್ಞತೆ ಹೇಳುತ್ತಾರೆಂದುಕೊಂಡಿದ್ದೆ. ಅವರು ಕೊಂಚ ಯೋಚಿಸಿ, "ಹಾಗಾದರೆ ಇಷ್ಟು ದಿನ ಇನ್ನೇನೇನು ಹೇಳದೆ ಬಿಟ್ಟಿದ್ದೀರಿ?" ಎಂದರು. ಉಳಿದ ಮೂರು ದಿನ ಜರಿ ನೇಯುವವರ ಕೇರಿಯಲ್ಲಿ ಅವರು ತಮ್ಮ ಹರಕು ಇಂಗ್ಲಿಷಿನಲ್ಲಿ ತಾವೇ ಮಾತಾಡಿದರು. ನಾನು ಪಕ್ಕದಲ್ಲಿ ಸುಮ್ಮನೆ ನಡೆದೆ. ಜಯಂತಿಭಾಯಿ ಮಾತ್ರ ಆ ದಿನ ಗಡಿಯಾರದ ಮಾತೆತ್ತಲಿಲ್ಲ. "ನಿಮ್ಮ ಮೇಲೆ ಅನುಮಾನ ಪಡುವುದು ನನ್ನ ಕೆಲಸ. ಬೇರೆಯವರಿಗೆ ಆ ಹಕ್ಕಿಲ್ಲ. ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸಿ" ಎಂದರು. ಅವರ ಬಗ್ಗೆ ನನಗಿರುವ ಗೌರವ ಆ ಮಾತಿನಿಂದ ಬಂದದ್ದು.

ಮನೆಗೆ ಬಂದ ಮರುದಿನ ಬೆಳಗಿನ ಕಾಫಿ ಹೊತ್ತಿನಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಬಿಟ್ಟ ವಾಕ್ಯದ ಮಾತನ್ನೂ ಹೇಳಿದೆ. ಆ ತಪ್ಪು ನನ್ನನ್ನು ಕೊರೆಯುತ್ತಿತ್ತು. ಅವರು ಪೂರ್ತಿ ಕೇಳಿ, "ಛಲೋ ಮಾಡಿದಿ. ಮನುಷ್ಯಾ ಉಳದಾನಲ್ಲ" ಎಂದರು. ಮನಸ್ಸು ಹಗುರಾಯಿತು. ಬೇರೆ ಯಾರಿಗೂ ಹೇಳಲಿಲ್ಲ, ಜಯಂತಿಭಾಯಿಗೂ ಇಲ್ಲ.

ಹದಿನೈದು ದಿನದ ಮೇಲೆ ವ್ಯಾಸ್ ಮತ್ತೆ ಬಂದರು. ತಂಡ ಊರು ಸೇರಿಯಾಗಿತ್ತು. ಚಹಾ ಮುಗಿಸಿ ಏಳುವಾಗ ಹೇಳಿದರು: "ಸೂರತ್ ಸ್ಟೇಷನ್ನಿನಲ್ಲಿ ಆ ಸಾಹೇಬರು ಕೇಳಿದ್ದು ನೀರಲ್ಲವಂತಲ್ಲ, ಬೆನ್. ತಮ್ಮನ ಸುದ್ದಿಯಂತೆ."

ಅವರು ಹೋದ ಮೇಲೆ ನಾನು ಬಾಗಿಲ ಬಳಿಯೇ ಕೂತೆ. ಕೂಡಿಸಿ ಕಳೆಯುವುದಕ್ಕೆ ಈ ಸಲ ಏನೂ ಇರಲಿಲ್ಲ. ಆ ಮಾತನ್ನು ನಾನು ಕನ್ನಡದಲ್ಲಿ ಒಂದೇ ಒಂದು ಸಲ, ಒಬ್ಬರಿಗೇ ಹೇಳಿದ್ದೆ.

ಸಂಜೆ ಯಜಮಾನರು ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದೆ. "ವ್ಯಾಸರಿಗೆ ನೀವು ಹೇಳಿದ್ರೇನು?"

"ವ್ಯಾಸ ಯಾರೋ ನನಗ ಗೊತ್ತಿಲ್ಲ" ಎಂದರು. ನಿಂತಲ್ಲೇ ನಿಂತಿದ್ದರು. "ನಮ್ಮ ಕಚೇರ್ಯಾಗ ಬರದು ಕೊಡ್ತೀನಿ. ಮನ್ಯಾಗಿನವರು ಪರದೇಶದವರ ಜೋಡಿ ಮಾತಾಡಿದ್ರ ಬರದು ಕೊಡಬೇಕು ಅಂತ ನಿಯಮ ಅದ. ಅಲ್ಲಿಂದ ಎಲ್ಲಿ ಹೋಗ್ತದೋ ನನಗ ತಿಳಿಯೂದಿಲ್ಲ."

"ಯಾವಾಗಿಂದ?"

"ನೀ ಕೆಲಸಕ್ಕ ಹತ್ತಿದಾಗಿಂದ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನನ್ನ ಮುಂದ ಮಾತಾಡೂದ ಬಿಡ್ತಿದ್ದಿ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬರೀಲಿಲ್ಲಂದ್ರ ನಿನ್ನ ಕೆಲಸಾ ಬಿಡಿಸು ಅಂತಿದ್ರು. ನಿನಗ ಆ ಕೆಲಸ ಎಷ್ಟು ಸೇರ್ತದ ಅಂತ ನನಗ ಗೊತ್ತು" ಎಂದರು.

ಇದು ನಿಜವಿರಬಹುದು. ಅವರು ತಮ್ಮ ಕೆಲಸ ಉಳಿಸಿಕೊಳ್ಳಲು ಬರೆದರೋ ನನ್ನ ಕೆಲಸ ಉಳಿಸಲು ಬರೆದರೋ ನನಗೆ ಇಂದಿಗೂ ಖಚಿತವಿಲ್ಲ. "ನೀರು ಅಂದೆ ಅಂತ ಬರೀಬೇಕಾಗಿತ್ತೇನು?" ಎಂದು ಕೇಳಿದೆ. "ಕೇಳಿದ್ದು ಬರದೆ. ಅರ್ಧಾ ಬಿಡೂದು ನನಗ ಬರೂದಿಲ್ಲ" ಎಂದರು. ಆ ಮಾತು ನನಗೆ ಚುಚ್ಚಲೆಂದು ಅಂದದ್ದಲ್ಲ. ಆದರೂ ಚುಚ್ಚಿತು.

ಮರುದಿನ ನಾಗರತ್ನ ಅವರ ಮನೆಗೆ ಹೋದೆ. ಬಾಗಿಲು ತೆರೆದು ಒಳಗೆ ಕರೆದರು, ಮಣೆ ಹಾಕಿದರು, ಕಾಫಿ ಕೊಟ್ಟರು. ಅದೆಲ್ಲ ಹೊಸಬರಿಗೆ ಮಾಡುವ ಉಪಚಾರ. ನಡೆದದ್ದನ್ನೆಲ್ಲ ಹೇಳಿ, ನಿಮ್ಮನ್ನು ಅನುಮಾನಿಸಿದೆ, ತಪ್ಪಾಯಿತು ಎಂದೆ.

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. "ಕರಿಬೇವು ಇಲ್ಲ ಅಂದ್ರಲ್ಲ, ಅವತ್ತು ನಾನು ಏನ್ ಅನ್ಕೊಂಡೆ ಗೊತ್ತಾ? ನಮ್ಮನೆಯವರು ಬ್ಯಾಂಕ್‌ನಲ್ಲಿ ಏನೋ ತಪ್ ಮಾಡಿದಾರೆ, ಅದು ನಿಮಗೆ ಗೊತ್ತಾಗಿದೆ, ಅದಕ್ಕೇ ದೂರ ಇಟ್ಟಿದೀರಾ ಅಂತ. ಹದಿನೈದು ದಿನ ಅವ್ರನ್ನ ಗೋಳು ಹೊಯ್ಕೊಂಡೆ. ಏನ್ ಮಾಡಿದೀರಾ ಹೇಳಿ, ಹೇಳಿ ಅಂತ. ಪಾಪ, ಅವ್ರು ಏನ್ ಹೇಳ್ತಾರೆ?"

"ನಾಗರತ್ನಾ..."

"ಒಂದ್ ಮಾತು ಕೇಳ್ಬೋದಿತ್ತಲ್ಲ ವತ್ಸಲಾ ಅವ್ರೇ. ನೀವು ಹೇಳಿದ್ರಾ ಅಂತ. ಬಾಗ್ಲಲ್ಲಿ ನಿಂತ್ಕೊಂಡೇ ಕೇಳ್ಬೋದಿತ್ತು."

ಆ ಬೇಸಿಗೆಯಲ್ಲಿ ಅವರು ಹೊಸ ಶಾಖೆಯ ಹತ್ತಿರ ಮಣಿನಗರಕ್ಕೆ ಮನೆ ಬದಲಿಸಿದರು. ಹೋಗುವಾಗ ನನ್ನ ಮಗಳನ್ನು ಮುದ್ದಾಡಿದರು. ನನಗೆ ವಿಳಾಸ ಕೊಡಲಿಲ್ಲ.

ಇದಾದ ಮೇಲೆ ನಾನು ಕೆಲಸದ ಕ್ರಮ ಬದಲಿಸಿದೆ. ಅಲ್ಲಿಯವರೆಗೆ ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಂಡು ಹೇಳುತ್ತಿದ್ದೆ. ಮುಂದೆ ಪುಸ್ತಕ ಇಟ್ಟೆ. ಯಾರು ಏನೆಂದರು, ನಾನು ಏನೆಂದೆ, ಎರಡೂ ಎದುರುಬದುರು ಪುಟದಲ್ಲಿ. ಸಭೆಗೆ ಮೊದಲೇ ಎರಡೂ ಕಡೆಯವರಿಗೆ ಹೇಳುತ್ತಿದ್ದೆ: ನನ್ನ ಕಿವಿಗೆ ಬಿದ್ದದ್ದೆಲ್ಲ ಆಚೆಗೆ ಹೋಗುತ್ತದೆ, ಗೊಣಗಿದರೂ ಹೋಗುತ್ತದೆ, ಆದ್ದರಿಂದ ನೋಡಿ ಮಾತಾಡಿ. ಈಗ ನೀವು ಗಾಜಿನ ಕೋಣೆಯಲ್ಲಿ ಕೂತು ಕಿವಿಗೆ ಯಂತ್ರ ಹಾಕಿಕೊಂಡು ಮಾತಾಡುತ್ತೀರಿ. ಆದರೂ ಈ ಎಚ್ಚರಿಕೆಯನ್ನು ಮೊದಲೇ ಕೊಡುವುದು ಒಳ್ಳೆಯದು. ಪ್ರತಿ ಭೇಟಿ ಮುಗಿದ ಮೇಲೆ ಕಾರ್ಬನ್ ಇಟ್ಟು ಮೂರು ಪ್ರತಿ ವರದಿ ಬರೆಯುತ್ತಿದ್ದೆ. ಒಂದು ಜಯಂತಿಭಾಯಿಗೆ, ಒಂದು ವ್ಯಾಸ್ ಬಂದರೆ ಕೊಡಲು, ಒಂದು ಯಜಮಾನರಿಗೆ.

ಮೊದಲ ಸಲ ಅವರ ಕೈಗೆ ಕೊಟ್ಟಾಗ ಊಟದ ಮೇಜಿನಲ್ಲೇ ಓದಿದರು. ತಿರುವಿ ಹಾಕಿ, "ಇದರಾಗ ನೀ ಎಲ್ಲೂ ಇಲ್ಲಲ್ಲ" ಎಂದರು.

"ಅದು ಕಚೇರಿಗೆ" ಎಂದೆ.

ಅವರು ಹೇಳಿದಂತೆಯೇ ಆಯಿತು. ಮನೆಯಲ್ಲಿ ಮಾತು ನಿಂತಿತು. ಜಗಳವಲ್ಲ. ಹಾಲು ಬಂತೇ, ಮಗಳಿಗೆ ಜ್ವರ ಇಳಿಯಿತೇ, ಊರಿಂದ ಕಾಗದ ಬಂತೇ, ಇಷ್ಟು. ಎಲ್ಲಿಗೆ ಹೋಗಿದ್ದೆ, ಯಾರು ಏನೆಂದರು ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

ಎರಡು ವರ್ಷದ ಮೇಲೆ ಇನ್ನೊಂದು ತಂಡ ಬಂತು. ಕ್ರೂಗರ್ ಬರಲಿಲ್ಲ. ಹೊಲಿಗೆ ಕಲಿಸುವ ಲೋರೆಂಜ್ ಎಂಬ ಅರವತ್ತರ ಹೆಂಗಸು ಇದ್ದರು. ಸೂರತ್‌ನಲ್ಲಿ ಕಡೆಯ ದಿನ ಮಧ್ಯಾಹ್ನ, ಬೇರೆಯವರೆಲ್ಲ ಸೀರೆ ಅಂಗಡಿಯಲ್ಲಿದ್ದಾಗ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಅವರ ತಂಗಿ ಗೋಡೆಯ ಆ ಕಡೆ, ಸರ್ಕಾರಿ ಕೆಲಸದಲ್ಲಿ. ಪಶ್ಚಿಮದಿಂದ ಪತ್ರ ಹೋದರೆ ಅವಳಿಗೆ ಅಪಾಯ. ಭಾರತದ ಅಂಚೆಚೀಟಿ ಹಚ್ಚಿ, ನನ್ನ ಕೈಬರಹದಲ್ಲಿ ವಿಳಾಸ ಬರೆದು ಹಾಕಬಹುದೇ?

"ಮೊದಲು ಓದಿ. ಓದಿ, ಬೇಡ ಅನಿಸಿದರೆ ವಾಪಸು ಕೊಡಿ" ಎಂದರು.

ಎಂಟು ಸಾಲು. ಅಮ್ಮ ಹೋದಳು, ನೋವಿಲ್ಲದೆ ಹೋದಳು. ಅವಳ ಬೂದು ಕೋಟನ್ನು ಆನ್ನಾಗೆ ಕೊಟ್ಟೆ. ಪ್ಲಮ್ ಮರ ಈ ವರ್ಷ ಬಹಳ ಹಣ್ಣು ಬಿಟ್ಟಿತು. ನಾನು ಅದನ್ನು ಓದಿದ ಬಗೆ ಹೇಳಲು ನಾಚಿಕೆಯಾಗುತ್ತದೆ. ಬೂದು ಕೋಟು ಎಂದರೆ ಏನು? ಆನ್ನಾ ಯಾರು? ಮರ ಎಷ್ಟು ಹಣ್ಣು ಬಿಟ್ಟರೆ ಯಾರಿಗೇನು ಸೂಚನೆ? ನಾಲ್ಕು ಸಲ ಓದಿದೆ. ಆ ಹೆಂಗಸು ಎದುರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೈಗಳನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದರು. ತಾಯಿ ಸತ್ತ ಸುದ್ದಿಯನ್ನು ಏಳು ತಿಂಗಳಿಂದ ತಂಗಿಗೆ ತಿಳಿಸಲಾಗದೆ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು.

ದೊಡ್ಡ ಅಂಚೆ ಕಚೇರಿಗೆ ನಡೆದು ಹೋಗಿ ಹಾಕಿದೆ. ದುಭಾಷಿ ಮಾಡಬಾರದ ಕೆಲಸ ಇದು. ನೀವು ಮಾಡಬೇಡಿ. ನಾನು ಮಾಡಿದೆ. ನನ್ನ ಮೂರು ಪ್ರತಿಗಳ ವರದಿಯಲ್ಲಿ ಅದನ್ನು ಬರೆಯಲಿಲ್ಲ.

ಅಹಮದಾಬಾದಿನಲ್ಲಿ ರೈಲು ಇಳಿದಾಗ ಯಜಮಾನರು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಕರೆಯಲು ಹಿಂದೆಂದೂ ಬಂದವರಲ್ಲ. "ಮಗಳು ಅಜ್ಜಿ ಬರ್ತಾಳ ಅಂತ ಕುಣೀಲಿಕ್ಕೆ ಹತ್ಯಾಳ. ಮುಂದಿನ ವಾರ ನಮ್ಮವ್ವ ಬರ್ತಾಳಂತ, ಕಾಗದ ಬಂದದ" ಎಂದು ನನ್ನ ಚೀಲ ತೆಗೆದುಕೊಂಡರು. ರಿಕ್ಷಾದಲ್ಲಿ ಕೂತೆವು. ಎಲ್ಲಿಸ್ ಸೇತುವೆಯ ಮೇಲೆ ಜನಜಂಗುಳಿಯಲ್ಲಿ ರಿಕ್ಷಾ ನಿಂತಿತು. ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿರಲಿಲ್ಲವೇನೋ.

ಲೋರೆಂಜರ ಪತ್ರದ ವಿಷಯ ಹೇಳಿಬಿಟ್ಟೆ. ಓದಿದ್ದು, ವಿಳಾಸ ಬರೆದದ್ದು, ಅಂಚೆಗೆ ಹಾಕಿದ್ದು, ಎಲ್ಲ.

ಅವರು ನದಿಯ ಕಡೆ ತಿರುಗಿದರು. "ಇದು ಬರೀಬೇಕಾದದ್ದು" ಎಂದರು.

"ಹೌದು" ಎಂದೆ.

ರಿಕ್ಷಾ ಮತ್ತೆ ಹೊರಟಿತು. ಮನೆ ಬಂತು.

ಅಂದಿನಿಂದ ನಾನು ವ್ಯಾಸರ ಹೆಜ್ಜೆ ಸಪ್ಪಳಕ್ಕೆ ಕಾದೆ. ಅಂಚೆಯವ ಬಂದರೂ ಬೆಚ್ಚುತ್ತಿದ್ದೆ. ಕೆಲಸ ಹೋದರೆ ಹೋಗಲಿ, ಅವರದೂ ಹೋದರೆ? ಜೈಲೆಂದರೆ ಹೇಗಿರುತ್ತದೆ? ಅತ್ತೆ ಬಂದು, ಇದ್ದು, ಹೋದರು. ಒಂದೂವರೆ ತಿಂಗಳ ಮೇಲೆ, ಒಂದು ಭಾನುವಾರ ಬೆಳಗ್ಗೆ ವ್ಯಾಸ್ ಬಂದರು. ನಾನು ವರದಿಯ ಪ್ರತಿ ಕೊಟ್ಟೆ. ಅವರು ಓದಿದರು, ಮಡಿಸಿ ಜೇಬಿಗಿಟ್ಟುಕೊಂಡರು. ತಂಡದಲ್ಲಿ ಎಷ್ಟು ಜನ ಹೆಂಗಸರು, ಗರಬಾ ಕಲಿತರೇ, ಸೂರತ್‌ನ ಊಟ ಖಾರವಾಯಿತೇ ಎಂದು ಕೇಳಿದರು. ಹೊಲಿಗೆಯ ಟೀಚರು ಏನು ಕೊಂಡರು ಎಂದರು. "ಎರಡು ಸೀರೆ" ಎಂದೆ. "ಒಳ್ಳೆಯದು" ಎಂದು ಎದ್ದು, ಮಗಳ ತಲೆ ಸವರಿ, ಮೆಟ್ಟಿಲಿಳಿದು ಹೋದರು.

ಪತ್ರದ ಮಾತೇ ಬರಲಿಲ್ಲ.

ಅಡುಗೆಮನೆಗೆ ಹೋದೆ. ಯಜಮಾನರು ಹಾಲು ಒಲೆಯ ಮೇಲಿಟ್ಟು ಅದನ್ನೇ ನೋಡುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹೋದ್ರೇನು?"

"ಹೋದ್ರು."

"ಏನ ಕೇಳಿದ್ರು?"

ನಾನು ಮಣೆ ಎಳೆದುಕೊಂಡು ಕೂತೆ. ಅವರೂ ಎದುರಿಗೆ ನೆಲದ ಮೇಲೆ ಕೂತರು. ವ್ಯಾಸ್ ಕೇಳಿದ್ದನ್ನು ಹೇಳಿದೆ, ಆಮೇಲೆ ಸೂರತ್‌ನದು, ವಡೋದರಾದ್ದು, ಲೋರೆಂಜರ ಬೂಟಿನೊಳಗೆ ಓತಿಕ್ಯಾತ ಸೇರಿದ್ದು, ಎರಡು ವರ್ಷದಿಂದ ಹೇಳದೆ ಉಳಿದದ್ದೆಲ್ಲ ಒಂದರ ಹಿಂದೊಂದು ಬರತೊಡಗಿತು. ಅವರು ನಕ್ಕರು, ಮುಂದೇನಾಯಿತು ಎಂದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇಬ್ಬರೂ ಏಳಲಿಲ್ಲ.